ಇಳಿಯುವ ಮುಂಚೆ

ಹಾಸನೂರು ದಾಟಿ, ದಿಂಬಂ ಇಳಿಜಾರು ಶುರುವಾಗುವ ಮುಂಚೆ
ಹುಣಸೆಮರದಡಿ ನನ್ನ ತಗಡಿನ ಶೆಡ್ಡು.
ಬೋರ್ಡು ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ,
ಸ್ಪ್ಯಾನರಿನ ನಂಬರು ಮಾತ್ರ ಎಲ್ಲರಿಗೂ ಒಂದೇ.

ಕೆಲಸ ಕಲಿಸಿದವನು ಖಲಂದರ್ ಬಾಯ್.
ಆರು ತಿಂಗಳು ಕೈಗೆ ಸ್ಪ್ಯಾನರ್ ಕೊಡದೆ
"ಸುತ್ತಿಗೆಯಲ್ಲಿ ತಟ್ಟು, ಕೇಳು" ಅಂದ.
ಬಿಗಿದ ನಟ್ಟು ಗಂಟೆಯ ಹಾಗೆ ಅನ್ನುತ್ತೆ,
ಸಡಿಲಾದದ್ದು
ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡವನ ಹಾಗೆ.
ಪೈಪಿಗೆ ಸೋಪಿನ ನೊರೆ ಬಳಿ, ಸೋರುವ ಗಾಳಿ ತಾನೇ ಒಪ್ಪಿಕೊಳ್ಳುತ್ತೆ.
ಮೊದಲು ಡ್ರೈವರನ ಕಣ್ಣು ನೋಡು, ಆಮೇಲೆ ಡ್ರಮ್ಮು.
ಎರಡರಲ್ಲಿ ಯಾವುದು ಕೆಟ್ಟಿದ್ದರೂ
ಚಾವಿ ಬಚ್ಚಿಡು.

ಒಂದು ಸಲ ಬಚ್ಚಿಡಲಿಲ್ಲ.

ಬೆಳ್ಳಶೆಟ್ಟಿ. ಕರಿಕಲ್ಲು ಹೇರಿದ ಹತ್ತು ಗಾಲಿ.
ಚೆಕ್‌ಪೋಸ್ಟಿನ ಗೇಟು ಬೀಳಲು ಅರ್ಧ ಗಂಟೆ;
ಬಿದ್ದರೆ ರಸ್ತೆ ಬೆಳಗಿನವರೆಗೆ ಆನೆಗಳದ್ದು.
ಫೋನಿನಲ್ಲಿ ಓನರು ಕೂಗುತ್ತಲೇ ಇದ್ದ.
ಹಿಂದಿನ ಎಡಗಾಲಿ ಬಿಚ್ಚಿದೆ. ಲೈನರ್
ರಿವಿಟ್ಟಿನ ತಲೆ ಮುಟ್ಟುವಷ್ಟು ಸವೆದಿತ್ತು,
ಬಚ್ಚಲಲ್ಲಿ ಕೊನೆಗುಳಿದ ಸೋಪಿನ ಚೂರಿನ ಹಾಗೆ.
ಹೊಸದು ಸತ್ಯಮಂಗಲದಿಂದ ಬರಬೇಕು, ನಾಳೆ.
ಅವನು ಏನೂ ಕೇಳಲಿಲ್ಲ. ನಾನೇ ಅಂದೆ,
ಅಡ್ಜಸ್ಟರ್ ಎರಡು ಹಲ್ಲು ತಿರುಗಿಸಿ, ಕೈ ಒರೆಸಿಕೊಳ್ಳುತ್ತ:
"ಇನ್ನೊಂದ್ ಟ್ರಿಪ್ಗ ಬತ್ತುದ, ಬುಡು."
ನೂರಿಪ್ಪತ್ತು ರೂಪಾಯಿ ತೆಗೆದುಕೊಂಡೆ.

ಮೊದಲು ಸುಟ್ಟ ವಾಸನೆ ಬಂತಂತೆ.
ಎರಡು ತಿರುವು ಕಳೆದ ಮೇಲೆ ಒತ್ತಿದ ಕಾಲಿಗೆ ಉತ್ತರವೇ ಇಲ್ಲ.
ಬಲಕ್ಕೆ, ಬಣ್ಣಾರಿಯಿಂದ ಹತ್ತಿ ಬರುತ್ತಿದ್ದ ಬಸ್ಸು,
ಬಸ್ಸಿನಾಚೆ ಬರೀ ಗಾಳಿ.
ಬೆಳ್ಳಶೆಟ್ಟಿ ಎಡಕ್ಕೆ ಎಳೆದು
ಲಾರಿಯನ್ನು ಬೆಟ್ಟದ ಮೈಗೆ ಉಜ್ಜಿಸಿದ.
ಕ್ಯಾಬಿನ್ನು ಮಡಿಚಿತು. ಕಾಲೂ.
ಕಲ್ಲು ಮಾತ್ರ ಮುಂದಕ್ಕೆ ಜಾರಲಿಲ್ಲ;
ಮೀಸೆ ಮೂಡದ ಕ್ಲೀನರ್ ಹುಡುಗ ಬಿಗಿದ ಸರಪಳಿ ತಡೆದಿತ್ತು.
ಆ ಹುಡುಗನ ಕೆಲಸ ನಿಂತಿತು.
ನನ್ನದು ನಿಲ್ಲಲಿಲ್ಲ.

ಎರಡು ವರ್ಷದ ಮೇಲೆ ಬಸ್ಸಿಳಿದು ಬಂದ,
ಒಂದು ಕಾಲು ಇನ್ನೊಂದಕ್ಕಿಂತ ಕೊಂಚ ತಡವಾಗಿ.
ಬೈಯುತ್ತಾನೆ ಅಂದುಕೊಂಡು ಕಾದೆ.
ಟೀ ಕುಡಿದ. ಮಗಳ ಮದುವೆ ಗೊತ್ತಾದ ಸುದ್ದಿ ಹೇಳಿದ.
ಹೊರಡುವಾಗ ಚೀಲದಿಂದ ಪೇಪರಿನ ಪೊಟ್ಟಣ ತೆಗೆದು
ವೈಸಿನ ಪಕ್ಕ ಇಟ್ಟ: ಅದೇ ಲೈನರ್, ಕಪ್ಪಗೆ, ಗಾಜಿನಂತೆ ನುಣ್ಣಗೆ.
"ಅವತ್ತ ನಾನೂವಿ ಕಾಯ್ಬೌದಿತ್ತು" ಅಂದ.
ಆ ಮಾತಿನ ಅರ್ಧ ಭಾರ ಅವನು ಹೊತ್ತುಕೊಂಡು ಹೋದ.
ಉಳಿದರ್ಧ ಇಲ್ಲೇ ಇದೆ, ಶೆಡ್ಡಿನ ತೊಲೆಯ ಮೇಲೆ.

ಈಗ ಸಂಜೆ ಐದೂವರೆ.
ಕಬ್ಬಿನ ಲಾರಿಯ ಹುಡುಗನೊಬ್ಬ ಮೂರು ಭಾಷೆಯಲ್ಲಿ
ನನ್ನ ವಂಶವನ್ನು ಜಾಲಾಡುತ್ತಿದ್ದಾನೆ.
ಕಣ್ಣು ಕೆಂಡ; ನಿದ್ದೆ ಕಂಡು ಎರಡು ರಾತ್ರಿ ಆಗಿರಬೇಕು.
ಚಾವಿ ಎಲ್ಲಿ ಅಂದರೆ ನನಗೇನು ಗೊತ್ತು ಅನ್ನುತ್ತೇನೆ.
ಆ ಲೈನರಿನ ಅಡಿಯಲ್ಲಿದೆ.

ಬೈದು ಬೈದು ಸಾಕಾಗಿ ಮಂಚದ ಮೇಲೆ ಬಿದ್ದುಕೊಂಡ.
ಗೊರಕೆ ಶುರುವಾಯಿತು.
ನಾನು ಸುತ್ತಿಗೆ ಹಿಡಿದು
ಗಾಲಿಯಿಂದ ಗಾಲಿಗೆ, ಮೆಲ್ಲಗೆ, ಅವನು ಏಳದ ಹಾಗೆ.