ಹನ್ನೊಂದು ಗುಂಟೆ

ಮದ್ದೂರು ಕೋರ್ಟಿನಲ್ಲಿ ಕೇಳಿದರು,
"ಈ ಹುಡುಗ ನಿಮಗೇನಾಗಬೇಕಮ್ಮ?"
ಏನೂ ಆಗಬೇಕಿಲ್ಲ ಸ್ವಾಮಿ.
ಊರಲ್ಲಿ ಎಲ್ಲರ ಪಹಣಿಯ ಮೇಲೂ ಸೊಸೈಟಿ ಸಾಲ ಕೂತಿತ್ತು,
ನನ್ನದೊಂದೇ ಖಾಲಿ.
ಅದಕ್ಕೇ ನಿಂತೆ.

ನಾಲೆ ಕೊನೆಯ ಹನ್ನೊಂದು ಗುಂಟೆ.
ವಕೀಲರು ಇಂಟು ಹಾಕಿದ ಕಡೆ ಹೆಬ್ಬೆಟ್ಟು ಇಟ್ಟೆ.
ಸೂಜಿ ಚುಚ್ಚಿ ಚುಚ್ಚಿ ಸವೆದ ಟೈಲರಮ್ಮನ ಹೆಬ್ಬೆಟ್ಟು;
"ಗೆರೇನೇ ಮೂಡ್ತಿಲ್ವಲ್ಲ" ಅಂತ ಗುಮಾಸ್ತ ರೇಗಿದ.
ಮೂರು ಸಲ ಒತ್ತಿದೆ.

ಟ್ರಾನ್ಸ್‌ಫಾರ್ಮರಿನ ತಾಮ್ರ ಕದ್ದವನು ಅಂದಾನಿ.
ಕದ್ದನೋ, ಕದ್ದವರ ಜೊತೆ ನಿಂತಿದ್ದನೋ,
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಮಂಡ್ಯ ಜೈಲಿನಲ್ಲಿ ಎರಡು ತಿಂಗಳಿದ್ದು ಬಂದವನ
ಎದೆಯಳತೆ ಒಂದೂವರೆ ಇಂಚು ಇಳಿದಿತ್ತು.
ಅಷ್ಟು ಗೊತ್ತು.

ಷರತ್ತು ಎರಡು.
ಭಾನುವಾರ ಭಾನುವಾರ ಐದರೊಳಗೆ ಠಾಣೆಯಲ್ಲಿ ಸಹಿ.
ತಾಲ್ಲೂಕು ದಾಟಕೂಡದು.

ಅವನ ಮೇಕೆಗಳಿಗೆ ಯಾರೂ ಷರತ್ತು ಓದಿ ಹೇಳಿರಲಿಲ್ಲ.
ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ ಕಡೆ ಹೊರಟರೆ
"ತಾಲ್ಲೂಕಿಗೆ ಸ್ವಾಗತ" ಅನ್ನುವ ಹಳದಿ ಬೋರ್ಡು.
ಅವು ಆಚೆ ಹೋಗಿ ಜಾಲಿಕಾಯಿ ಮೇಯುತ್ತವೆ,
ಇವನು ಈಚೆ ನಿಂತು ಶಿಳ್ಳೆ ಹಾಕುತ್ತಾನೆ.
ಗಬ್ಬದ ಮೇಕೆಯೊಂದು ಆಚೆಯೇ ಈದ ದಿನ
ಬೋರ್ಡಿನ ಕಂಬ ಹಿಡಿದು ಕೂತಿದ್ದನಂತೆ,
ಸ್ಕೂಲು ಹುಡುಗಿಯೊಬ್ಬಳು ಮರಿಯನ್ನ
ಲಂಗದಲ್ಲಿ ಸುತ್ತಿ ತಂದು ಕೊಡುವವರೆಗೂ.
ಕೇಳಿ ನಕ್ಕೆ.
ಆಮೇಲೆ ಹೊಲಿಗೆ ಸೊಟ್ಟಗಾಯಿತು.

ನನ್ನ ಅಂಗಡಿ ಠಾಣೆಗೆ ಎದುರೇ.
ಭಾನುವಾರ ರಜ, ಆದರೂ ಬಾಗಿಲು ತೆಗೆಯುತ್ತೇನೆ.
ಯಾರಾದರೂ ಕೇಳಿದರೆ, ಮದುವೆ ಬ್ಲೌಸು, ಅರ್ಜೆಂಟು.
ಕಾಲು ಪೆಡಲಿನ ಮೇಲೆ,
ಕಣ್ಣು ಠಾಣೆಯ ಹುಣಸೆಮರದ ಬುಡದಲ್ಲಿ.
ಆ ರಿಜಿಸ್ಟರಿನಲ್ಲಿ ನನಗೆ ಕಾಲಂ ಇಲ್ಲ.
ಆದರೂ ಆರು ತಿಂಗಳಿಂದ ಒಂದು ವಾರವೂ ತಪ್ಪಿಸಿಲ್ಲ.

ಮೊನ್ನೆ ನಾಲ್ಕೂಮುಕ್ಕಾಲಾದರೂ ಅವನಿಲ್ಲ.
ಗದ್ದೆಯ ಮೂಲೆಮೂಲೆಯೂ ಕಣ್ಣಿಗೆ ಬಂತು,
ಬದುವಿನ ನುಗ್ಗೆ, ಏಡಿ ಕೊರೆದ ತೂತು,
ನಮ್ಮವರು ನೆಟ್ಟ ಕಲ್ಲು.
ಅವನ ಮುಖ ಮಾತ್ರ ಬರಲಿಲ್ಲ. ಸುಳ್ಳೇಕೆ?

ಬಂದ.
ಸೈಕಲ್ ಚೈನು ಕಳಚಿ ಕೈಯೆಲ್ಲ ಗ್ರೀಸು.
ಠಾಣೆಗೆ ಹೋಗದೆ ನನ್ನ ಬಾಗಿಲಿಗೆ ಬಂದು
"ಒಂದ್ ಚೂರ್ ಬಟ್ಟೆ ಕೊಡಕ್ಕಾ,
ಪುಸ್ತಕ ಗಲೀಜಾಯ್ತದೆ" ಅಂದ.
ತುಂಡುಬಟ್ಟೆಯ ಚೀಲ ಪೂರ್ತಿ ಸುರಿದೆ.
ಕೆಂಪು ಪಾಪ್ಲಿನ್ ಒಂದನ್ನು ಆರಿಸಿಕೊಂಡು
ಒಂದೊಂದೇ ಬೆರಳು,
ಉಗುರಿನ ಸಂದಿ ಕೂಡ,
ನಿಧಾನವಾಗಿ ಒರೆಸಿಕೊಳ್ಳುತ್ತಾ ನಿಂತ.

ನಾನು ಗಡಿಯಾರ ನೋಡುತ್ತಿದ್ದೆ.