ಒದ್ದೆ ಬಟ್ಟೆ

ಜಾಬೋಲಿನಲ್ಲಿ ನೂರಿಪ್ಪತ್ತು ದಿನ ಗಾಳಿ.
ಕಿಟಕಿ ಸಂದಿಗೆ ಚಿಂದಿ ತುರುಕಿದರೂ
ಬಂದೇ ಬರುತ್ತದೆ ಧೂಳು
ಸಕ್ಕರೆ ಡಬ್ಬಿಗೆ, ಸಮೋವಾರಿನ ಕೊರಳಿಗೆ,
ಮಲಗಿದ ಮಗುವಿನ ರೆಪ್ಪೆಗೆ.

ಪೊರಕೆ ಮುಟ್ಟಳು ಮಾಹ್‌ಗೋಲ್, ಅದು ಎಬ್ಬಿಸುತ್ತದಷ್ಟೆ.
ಗರಿಯ ಕುಚ್ಚು ಮದುವೆಗೆ ಬಂದದ್ದು,
ಮೊಳೆಗೆ ನೇತಾಡುತ್ತ ತಾನೇ ಧೂಳು ಹೊತ್ತಿದೆ.
ಗಂಡನ ಹರಕು ಬನೀನು, ಅರ್ಧ ಬಕೆಟ್ ನೀರು,
ಅದೂ ಟ್ಯಾಂಕರಿನದು, ಅಳೆದು ಸುರಿದದ್ದು.
ಹಿಂಡಿ, ಒತ್ತಿ, ಒಂದೇ ಕಡೆಗೆ ಎಳೆಯಬೇಕು.

ಗೋರ್ಗಾನಿಗೆ ಹೋದ ನಾದಿನಿಯ ಫೋನು:
ಅಲ್ಲಿ ವಾರಕ್ಕೊಮ್ಮೆ ಒರೆಸಿದರೆ ಸಾಕಂತೆ!
ಇವಳು ನಕ್ಕಳು, ಹಲ್ಲಲ್ಲಿ ಮರಳು ಕರಕರ.

ಇದು ಬೀದಿಯ ಧೂಳಲ್ಲ, ಹಾಮೂನ್.
ಅಪ್ಪ ಜೊಂಡಿನ ತೆಪ್ಪ ನೂಕಿ ಮೀನು ತಂದ ಸರೋವರ
ಒಣಗಿ, ಎದ್ದು, ಮನೆಮನೆ ಹೊಕ್ಕಿದೆ.

ಬಕೆಟ್ಟಿನ ತಳದ ಕೆಸರನ್ನು
ಚೆಲ್ಲುವ ಮುನ್ನ
ಬಗ್ಗಿ ಮೂಸುತ್ತಾಳೆ,
ಯಾರೂ ಇಲ್ಲದಾಗ.