ಮೂರನೇ ಸಾಲು

ಹಾಡು ಕನ್ನಡದಲ್ಲಿತ್ತು.
ಅಮ್ಮನ ಹೆಂಚಿನ ಕಾರ್ಖಾನೆಯಲ್ಲಿ ಕನ್ನಡ
ಯಾರ ಅಡುಗೆಮನೆಯ ಭಾಷೆಯೂ ಆಗಿರಲಿಲ್ಲ.
ಅದು ಇದ್ದದ್ದು ಸಂಬಳದ ಚೀಟಿಯಲ್ಲಿ,
‘ತಡವಾಗಿ ಬಂದವರಿಗೆ ಅರ್ಧ ದಿನ’ ಎಂಬ ಬೋರ್ಡಿನಲ್ಲಿ.
ಹಾಗಾಗಿ ಘಟ್ಟ ಇಳಿದು ಬಂದ ಫಿಟ್ಟರ್ ಸಿದ್ದಲಿಂಗಪ್ಪ
ಮುಷ್ಕರದ ಮೂರನೇ ದಿನ, ಬೋಳಾರದ ಗೇಟಿನೆದುರು,
ಗಂಟಲು ಸರಿಮಾಡಿಕೊಂಡು ಹಾಡಿದಾಗ
ಎಲ್ಲರೂ ಮೊದಲು ಸೆರಗು, ಮುಂಡು ಸರಿಪಡಿಸಿಕೊಂಡು
ನೆಟ್ಟಗೆ ನಿಂತರಂತೆ,
ಧಣಿಯ ಕಾರು ಬಂದ ಹಾಗೆ.

ಮೂರನೇ ಸಾಲು:
ಒಲೆಯಾರುವ ಮುನ್ನ ನಮ್ಮ ಪಾಲು ಬರಲಿ.

ಪಾಲು ಅಂದರೆ ವಾಂಟೊ, ಎಂದ ಜೆಪ್ಪುವಿನ ಲೊರ್ಸು ಪೊರ್ಬು.
ಅಣ್ಣತಮ್ಮಂದಿರು ಬೇಲಿ ಹಾಕುವಾಗ ಸಿಗುವಂಥದ್ದು.
ಹಗ್ಗ ಹಿಡಿದು ಕಾರ್ಖಾನೆಯನ್ನೇ ಅಳೆಯುತ್ತಾರೆ ನೋಡಿ,
ನನಗೆ ಚಿಮಣಿಯ ಬದಿ ಬೇಡ, ಹೊಳೆಯ ಬದಿ ಇರಲಿ.
ಅಪ್ಪಿಯಕ್ಕ ನಕ್ಕಳು. ಅವಳು ಕಂಡ ಪಾಲು
ದೈವಕ್ಕೆ ಬಡಿಸಿ, ಗುತ್ತಿನವರಿಗೆ ಬಡಿಸಿ,
ಅಂಗಳದಾಚೆ ನಿಂತವರ ಹತ್ತಿರ ಬರುವಾಗ
ಬುಟ್ಟಿಯ ತಳದಲ್ಲಿ ನಾಲ್ಕು ಅವಲಕ್ಕಿ.
ನೆಬಿಸ ಅರ್ಥವನ್ನೇ ಕೇಳಲಿಲ್ಲ.
ಅವಳ ಬ್ಯಾರಿ ಮಾತಿನಲ್ಲಿ ಪಾಲ್ ಅಂದರೆ ಹಾಲು.
ಮಕ್ಕಳ ಹಾಲಿಗಾಗಿ ಇಷ್ಟು ಗಂಡಸರು
ಬಿಸಿಲಲ್ಲಿ ನಿಂತಿದ್ದಾರಲ್ಲ ಎಂದು
ಕಣ್ಣೊರೆಸಿಕೊಂಡು
ಸಿದ್ದಲಿಂಗಪ್ಪನಿಗಿಂತ ಗಟ್ಟಿಯಾಗಿ ಹಾಡಿದಳು.

ಅಮ್ಮ ಏನು ಕೇಳಿಸಿಕೊಂಡಳೋ ಯಾರಿಗೂ ಗೊತ್ತಿಲ್ಲ.
ಹೆಂಚು ಹೊತ್ತ ತಲೆ ಅಲುಗಬಾರದು.
ಹೊರೆ ಇಲ್ಲದಾಗಲೂ
ಅವಳದು ಅಲುಗುತ್ತಿರಲಿಲ್ಲ.

ಕಳೆದ ವರ್ಷ ಕುದ್ರೋಳಿಯ ಮನೆಯಲ್ಲಿ ನೆಬಿಸಮ್ಮ
ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕೊಟ್ಟೆಯಿಂದ
ಆ ಸೈಕ್ಲೋಸ್ಟೈಲ್ ಹಾಳೆ ತೆಗೆದರು.
‘ನೀನು ಪ್ರೆಸ್ಸಿನವಳು, ಓದು.’
ಇಪ್ಪತ್ತಾರು ವರ್ಷ ಕರಡು ತಿದ್ದಿದ ಕಣ್ಣು ಇದು,
ಒಂದು ಸೊನ್ನೆ ಬಿಟ್ಟುಹೋದರೂ ನಿದ್ದೆ ಬಾರದು.
ಮೂರನೇ ಸಾಲಿನಲ್ಲಿ ಶಾಯಿ ಇಂಗಿ
ಒಂದು ಅಕ್ಷರದ ಹೊಟ್ಟೆ ಊದಿಕೊಂಡಿದೆ.
‘ಪ’ ಇರಬಹುದು. ‘ಹ’ ಕೂಡ ಇರಬಹುದು.
ಕಿಟಕಿಗೆ ಹಿಡಿದೆ, ಹಿಂದುಮುಂದು ಮಾಡಿದೆ.
ಬರೆದವನನ್ನು ಕೇಳೋಣವೆಂದರೆ
ಸಿದ್ದಲಿಂಗಪ್ಪ ಆ ಮಳೆಗಾಲದಲ್ಲೇ ವರ್ಗವಾಗಿ ಹೋದ,
ಎಲ್ಲಿಗೆ ಎಂದು ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ.

‘ಇಪ್ಪತ್ತಮೂರನೇ ದಿನ,’ ಎಂದರು ನೆಬಿಸಮ್ಮ,
‘ನಿನ್ನ ಅಮ್ಮ ಹೊಳೆಬದಿಯ ಗೇಟಿನಿಂದ ಒಳಗೆ ಹೋದಳು.
ಮಣ್ಣಿನ ದೋಣಿಗಳ ಹಿಂದೆ ನಾನು ಉಚ್ಚೆಗೆ ಕೂತಿದ್ದೆ, ನೋಡಿದೆ.
ನಾವು ಈ ಕಡೆ ಹಾಡುತ್ತಿದ್ದೆವು,
ಅವಳು ಆ ಕಡೆ ಹೆಂಚು ಒಟ್ಟುತ್ತಿದ್ದಳು.
ನಿನಗೆ ಐದು ತಿಂಗಳು. ಎದೆ ಬತ್ತಿತ್ತು ಅವಳದು.’

ಯಾರಿಗಾದರೂ ಹೇಳಿದಿರಾ?

‘ಯಾಕೆ ಹೇಳಲಿ? ಹಾಲಿನ ಮುಷ್ಕರ ಅಲ್ಲವಾ ಅದು!’

ದಿನಕ್ಕೆ ಇಪ್ಪತ್ತು ಪೈಸೆ ಹೆಚ್ಚಾಯಿತು, ಕೊನೆಗೆ.
ನಮ್ಮನೆಯಲ್ಲಿ ಉಪ್ಪಿನ ಭರಣಿಯ ಹಿಂದೆ
ಒಂದು ಕುಟಿಕುರ ಪೌಡರಿನ ಡಬ್ಬಿ ಇತ್ತು.
ಸಂಬಳದ ದಿನ ಅಮ್ಮ ಅದಕ್ಕೆ ಚಿಲ್ಲರೆ ಎಣಿಸಿ ಹಾಕುವಳು,
ಮುಟ್ಟಿದರೆ ಏಟು.
ದೀಪಾವಳಿಗೆ ಮೊದಲು ಅದು ಖಾಲಿಯಾಗುತ್ತಿತ್ತು,
ನಮಗೆ ಹೊಸ ಲಂಗ ಬರುತ್ತಿರಲಿಲ್ಲ.
ಅದು ನಮ್ಮದಲ್ಲ, ಎನ್ನುತ್ತಿದ್ದಳು.
ನಮ್ಮದಲ್ಲದ್ದು ನಮ್ಮನೆಯಲ್ಲಿ ಯಾಕಿದೆ
ಎಂದು ಕೇಳುವಷ್ಟು ನಾನು ಬೆಳೆಯುವಾಗ
ಡಬ್ಬಿಗೆ ತುಕ್ಕು ಹಿಡಿದಿತ್ತು,
ಕಾರ್ಖಾನೆಗೆ ಬೀಗ.

ಹಾಳೆಯ ಅಂಚಿಗೆ ಒಂದು ಪ್ರಶ್ನಾರ್ಥಕ ಹಾಕಲು
ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದಿದ್ದೆ.
ವಾಪಸ್ ಚೀಲಕ್ಕೆ ಹಾಕಿದೆ.
ಮಡಚಿದ ಗೆರೆಯಲ್ಲಿ ಕಾಗದ ಹರಿಯತೊಡಗಿದೆ,
ಮೊದಲು ಅದಕ್ಕೊಂದು ಅಂಟು ಬೇಕು.

ನೆಬಿಸಮ್ಮನ ಚಹಾದಲ್ಲಿ
ಹಾಲು ತುಸು ಜಾಸ್ತಿಯೇ ಇತ್ತು.
ಕುಡಿದೆ.